ಎರಡನೇ ತರಗತಿಯ ಏಳು ಮಕ್ಕಳು: ಒಂದು ವರ್ಷದ ಕಲಿಕೆಯ ಅವಲೋಕನ

ಪೀಠಿಕೆ

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ, ಎರಡು ವರ್ಷ ಬೇರೆ ಕೆಲಸ ಮಾಡಿ, ಆಮೇಲೆ ಬಿ.ಎಡ್.ಗೆ ಸೇರಿದವನು ನಾನು. ಬೋಧನಾಭ್ಯಾಸ ಎಂದರೆ ಪ್ರೌಢಶಾಲೆ, ಪ್ರಯೋಗದ ಸಾಮಗ್ರಿ, ಕಪ್ಪುಹಲಗೆಯ ತುಂಬ ಸೂತ್ರಗಳು ಎಂದೇ ನನ್ನ ಕಲ್ಪನೆಯಾಗಿತ್ತು. ಹೋದ ವರ್ಷದ ಜನವರಿಯಲ್ಲಿ ಒಂಬತ್ತನೇ ತರಗತಿಗೆ ಸಾಂದ್ರತೆಯ ಪಾಠ ಮಾಡಿದೆ. ಅಳತೆ ಜಾಡಿಯಲ್ಲಿ ನೀರಿನ ಮಟ್ಟ 145 ಮಿಲಿಲೀಟರ್ ಇತ್ತು. ಕಲ್ಲನ್ನು ಮುಳುಗಿಸಿದ ಮೇಲೆ 302 ಆಯಿತು. ಕಲ್ಲಿನ ಗಾತ್ರ ಎಷ್ಟು ಎಂದು ಕೇಳಿದೆ. ಸಾಂದ್ರತೆ ಎಂದರೇನೆಂದು ಚೆನ್ನಾಗಿ ಹೇಳಿದ ಮೂವರು ಮಕ್ಕಳು ಪುಸ್ತಕದಲ್ಲಿ 243 ಎಂದು ಬರೆದಿದ್ದರು.

157 ಬರಬೇಕಾದ ಕಡೆ 243 ಹೇಗೆ ಬಂತು? ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದರು. ಎರಡರಲ್ಲಿ ಐದು ಹೋಗದು, ಹಾಗಾಗಿ ಐದರಲ್ಲಿ ಎರಡು ಕಳೆದು ಮೂರು. ಸೊನ್ನೆಯಲ್ಲಿ ನಾಲ್ಕು ಹೋಗದು, ಹಾಗಾಗಿ ನಾಲ್ಕು. ಮೂರರಲ್ಲಿ ಒಂದು ಹೋದರೆ ಎರಡು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನ್ನ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಇಷ್ಟೇ: "ಪಾಠ ಚೆನ್ನಾಗಿದೆ. ಈ ತಪ್ಪು ಈ ತರಗತಿಯಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ ಜಾಗ ನೋಡಿ ಬನ್ನಿ."

ಆ ಮಾತಿನಿಂದಾಗಿ ಈ ವರ್ಷ ನಾನು ಕಿರಿಯ ಪ್ರಾಥಮಿಕ ಶಾಲೆಯ ಅವಲೋಕನವನ್ನು ಆರಿಸಿಕೊಂಡೆ. ಎರಡನೇ ತರಗತಿಯ ಮಗು ಜೂನ್‌ನಿಂದ ಮುಂದಿನ ಫೆಬ್ರವರಿಯವರೆಗೆ ಬೇರೆ ಬೇರೆ ವಿಷಯಗಳಲ್ಲಿ ಏನು ಕಲಿಯುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡುವುದು ನನ್ನ ಉದ್ದೇಶ. ಕಂಡದ್ದನ್ನೂ ನಾನು ಮಾಡಿದ ಒಂದು ತಪ್ಪನ್ನೂ ಸಹ ಪ್ರಶಿಕ್ಷಣಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇನೆ.

ಶಾಲೆ ಮತ್ತು ಅವಲೋಕನದ ಕ್ರಮ

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ ಅದು. ಸುತ್ತ ರಾಗಿ ಹೊಲ, ತೆಂಗಿನ ತೋಟ, ಊರಾಚೆ ಕುರಿ ರೊಪ್ಪಗಳು. ಒಂದರಿಂದ ಮೂರನೇ ತರಗತಿಯವರೆಗಿನ ಹತ್ತೊಂಬತ್ತು ಮಕ್ಕಳು ಒಂದೇ ನಲಿಕಲಿ ಕೊಠಡಿಯಲ್ಲಿ ಕೂರುತ್ತಾರೆ. ಅವರಲ್ಲಿ ಎರಡನೇ ತರಗತಿಯವರು ಏಳು ಮಂದಿ. ಜೂನ್‌ನಲ್ಲಿ ಹತ್ತು ದಿನ, ನವೆಂಬರ್‌ನಲ್ಲಿ ಎರಡು ವಾರ, ಫೆಬ್ರವರಿಯಲ್ಲಿ ಮೂರು ವಾರ ನಾನು ಅಲ್ಲಿದ್ದೆ. ನಡುವಿನ ತಿಂಗಳುಗಳನ್ನು ಮಕ್ಕಳ ಕೃತಿ ಸಂಪುಟ, ಪ್ರಗತಿ ನೋಟ ಮತ್ತು ತರಗತಿ ಶಿಕ್ಷಕಿಯ ಮಾತುಗಳಿಂದ ತುಂಬಿಕೊಂಡಿದ್ದೇನೆ. ಮಕ್ಕಳ ಹೆಸರನ್ನು ಬರೆದಿಲ್ಲ. ಹೆಚ್ಚಾಗಿ ಪ್ರಸ್ತಾಪವಾಗುವ ಒಬ್ಬ ಹುಡುಗನನ್ನು 'ಪುಟ್ಟ' ಎಂದು ಕರೆದಿದ್ದೇನೆ.

ಪ್ರೌಢಶಾಲೆಗೆಂದು ತಯಾರಾಗುವ ನಮ್ಮಲ್ಲಿ ಅನೇಕರಿಗೆ ನಲಿಕಲಿ ಎಂದರೆ ಹಾಡು, ಕುಣಿತ ಎಂಬ ಅರೆಬರೆ ತಿಳಿವಳಿಕೆ ಇದೆ. ನನಗೂ ಇತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರೇ ಇದನ್ನು ರೂಪಿಸಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಹರಡಿತು. ಇದರ ಬೆನ್ನೆಲುಬು ಕಲಿಕಾ ಏಣಿ. ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಪ್ರತಿ ಮೈಲಿಗಲ್ಲನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನು ನಿಂತಿರುವ ಮೆಟ್ಟಿಲಿನ ಕಾರ್ಡನ್ನು ತಾನೇ ಎತ್ತಿಕೊಂಡು ಆ ಕಾರ್ಡಿಗೆ ಸೇರಿದ ತಟ್ಟೆಯ ಬಳಿ ಕೂರುತ್ತದೆ. ಕೆಲವು ತಟ್ಟೆಗಳಲ್ಲಿ ಶಿಕ್ಷಕರ ನೆರವು, ಕೆಲವು ಕಡೆ ಗೆಳೆಯರ ನೆರವು, ಕೊನೆಗೆ ಸ್ವಕಲಿಕೆ. ಮುಗಿದ ಮೇಲೆ ಪ್ರಗತಿ ನೋಟದಲ್ಲಿ ಗುರುತು ಬೀಳುತ್ತದೆ. ಹತ್ತು ದಿನ ಗೈರಾದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಈ ಒಂದು ಅಂಶ ಎಷ್ಟು ದೊಡ್ಡದೆಂದು ನನಗೆ ಫೆಬ್ರವರಿಯಲ್ಲಿ ಅರ್ಥವಾಯಿತು.

ಕನ್ನಡ

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಆದರೆ ನಲಿಕಲಿಯಲ್ಲಿ ಅ, ಆ, ಇ, ಈ ಕ್ರಮದಲ್ಲಿ ಕಲಿಕೆ ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು. ಇವು ಬರೆಯಲು ಸುಲಭ, ಜೊತೆಗೆ ಕಲಿತ ದಿನವೇ ಸರ, ದರ, ಅಗಸ, ಅರಸ, ಗರಗಸ ಎಂದು ಅರ್ಥವಿರುವ ಪದ ಓದಬಹುದು. ಒಂದನೇ ತರಗತಿಯಲ್ಲಿ ಈ ದಾರಿಯಲ್ಲಿ ಬಂದ ಮಕ್ಕಳು ಎರಡನೇ ತರಗತಿಯಲ್ಲಿ ಗುಣಿತಾಕ್ಷರವನ್ನು ಗಟ್ಟಿ ಮಾಡಿಕೊಂಡು ಒತ್ತಕ್ಷರಕ್ಕೆ ಹೋಗುತ್ತಾರೆ.

ಜೂನ್‌ನಲ್ಲಿ ಏಳರಲ್ಲಿ ನಾಲ್ವರು ಗುಣಿತದ ಪದಗಳನ್ನು ಓದುತ್ತಿದ್ದರು. ಇಬ್ಬರು ಹ್ರಸ್ವ ದೀರ್ಘಗಳಲ್ಲಿ ತಡವರಿಸುತ್ತಿದ್ದರು. ಕರು ಮತ್ತು ಕಾರು, ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಅವರಿಗೆ ಒಂದೇ ಆಗಿದ್ದವು. ಏಳನೆಯವನು ಪುಟ್ಟ. ಬಿಡಿ ಅಕ್ಷರ ಗೊತ್ತು, ಗುಣಿತ ಗೊತ್ತಿಲ್ಲ.

ಒಬ್ಬ ಹುಡುಗಿ 'ಹೂವು' ಎಂಬಲ್ಲಿ 'ಊವು' ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದೆ. ಶಿಕ್ಷಕಿ ಅದನ್ನು ನೋಡಿ, "ಅವಳ ಮನೇಲಿ ಎಲ್ಲರೂ ಊವು ಅಂತಾನೇ ಅನ್ನೋದು ಸರ್. ಕೇಳಿದ್ದನ್ನ ಸರಿಯಾಗೇ ಬರ್ದಿದಾಳೆ. ತಪ್ಪು ಅಂದ್ರೆ ಅವರಮ್ಮನ ಮಾತೇ ತಪ್ಪು ಅಂದಂಗಾಗುತ್ತೆ. ಪುಸ್ತಕದಲ್ಲಿ ಹೀಗೆ ಬರೀತಾರೆ ಅಂತ ಪಕ್ಕದಲ್ಲಿ ಬರೆದುಕೊಡಿ, ಸಾಕು" ಎಂದರು. ಆ ದಿನದಿಂದ ಮನೆಯ ಮಾತು, ಪುಸ್ತಕದ ಮಾತು ಎಂದು ಎರಡು ಸಾಲು ಬರೆಸುವ ಚಟುವಟಿಕೆ ಮಾಡಿಸಿದೆ. ಆಲು–ಹಾಲು, ಅಸು–ಹಸು, ಅಳ್ಳಿ–ಹಳ್ಳಿ. ಮಕ್ಕಳು ತಾವೇ ಹುಡುಕಿ ತಂದರು.

ನವೆಂಬರ್‌ನಲ್ಲಿ ಒತ್ತಕ್ಷರ ನಡೆಯುತ್ತಿತ್ತು. ಅಮ್ಮ, ಅಕ್ಕ, ಹಟ್ಟಿ ಎಂಬ ಸಜಾತೀಯ ಒತ್ತುಗಳು ಬೇಗ ಬಂದವು. ತೊಡಕಿದ್ದದ್ದು ವಿಜಾತೀಯದಲ್ಲಿ. 'ಪುಸ್ತಕ' ಎಂಬುದನ್ನು ಕೆಲವರು 'ಪುತ್ಸಕ' ಎಂದರು, ಒಬ್ಬ 'ಪುಸಕ' ಎಂದು ಒತ್ತನ್ನೇ ಬಿಟ್ಟ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ, ಹಾಗಾಗಿ ಅವನ್ನು ಹೊಸ ಆಕಾರಗಳೆಂದೇ ಕಲಿಯಬೇಕು. ಅರ್ಕಾವತ್ತು ಇನ್ನೂ ಕಷ್ಟ. 'ಸೂರ್ಯ' ಎನ್ನುವಾಗ ಮೊದಲು ಕೇಳುವ ರಕಾರ ಬರಹದಲ್ಲಿ ಯಕಾರದ ನಂತರ ಬರುತ್ತದೆ. ಕಣ್ಣು ಹೋದ ಕ್ರಮದಲ್ಲೇ ಓದಿದ ಮಗು 'ಸೂಯ್ರ' ಎನ್ನುತ್ತದೆ. ದೊಡ್ಡವರಾದ ನಮಗೆ ಇದು ತೊಡಕೆಂದೇ ಹೊಳೆಯುವುದಿಲ್ಲ.

2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯಂತೆ ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಅರ್ಥಸಹಿತ ಓದಬೇಕು. ಫೆಬ್ರವರಿಯಲ್ಲಿ ನಾನು ಗಡಿಯಾರ ಹಿಡಿದು ಓದಿಸಿ ನೋಡಿದೆ. ಗಡಿಯಾರ ಕಂಡೊಡನೆ ಮಕ್ಕಳು ಓಡತೊಡಗಿದರು, ಓದಿದ ಮೇಲೆ ಕಥೆಯಲ್ಲಿ ಏನಾಯಿತೆಂದು ಕೇಳಿದರೆ ಸುಮ್ಮನಾದರು. ಗಡಿಯಾರವನ್ನು ಜೇಬಿಗೆ ಹಾಕಿ ಓದಿಸಿದಾಗ ನಿಧಾನವಾಯಿತು, ಉತ್ತರವೂ ಬಂತು. 'ಅರ್ಥಸಹಿತ' ಎಂಬ ಪದವನ್ನು ಬಿಟ್ಟು ಬರೀ ಸಂಖ್ಯೆಯನ್ನು ಹಿಡಿದರೆ ಏನಾಗುತ್ತದೆಂದು ಹೀಗೆ ತಿಳಿಯಿತು.

ಗಣಿತ

ಅದೇ ಗುರಿಗಳ ಪ್ರಕಾರ ಒಂದನೇ ತರಗತಿಯಲ್ಲಿ 99ರವರೆಗೆ, ಎರಡನೆಯದರಲ್ಲಿ 999ರವರೆಗೆ, ಮೂರನೆಯದರಲ್ಲಿ 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಎರಡನೇ ತರಗತಿಯಲ್ಲಿ 99ರವರೆಗಿನ ಸಂಖ್ಯೆಗಳ ವ್ಯವಕಲನ ಬರಬೇಕು. ನಾನು ಹುಡುಕಿ ಬಂದ 'ಹುಟ್ಟಿದ ಜಾಗ' ಇಲ್ಲಿತ್ತು.

ಕನ್ನಡದ ಸಂಖ್ಯಾನಾಮಗಳು ಸ್ಥಾನಬೆಲೆಗೆ ಸಹಾಯ ಮಾಡುತ್ತವೆ. ಮೂವತ್ತೇಳು ಎಂದರೆ ಮೂವತ್ತು ಮತ್ತು ಏಳು, ಕಿವಿಗೆ ಕೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಆದರೆ ಮೂರಂಕಿಗೆ ಬಂದಾಗ ಇದೇ ಕಿವಿ ಮೋಸ ಮಾಡುತ್ತದೆ. 'ನೂರ ಇಪ್ಪತ್ತೈದು' ಎಂದಾಗ ಇಬ್ಬರು ಮಕ್ಕಳು 10025 ಎಂದು ಬರೆದರು. ನೂರನ್ನು ಬರೆದು ಪಕ್ಕದಲ್ಲಿ ಇಪ್ಪತ್ತೈದನ್ನು ಬರೆದಿದ್ದರು. ಅವರ ತರ್ಕದಲ್ಲಿ ತಪ್ಪೇನಿಲ್ಲ. ಶಿಕ್ಷಕಿ ರಟ್ಟಿನಲ್ಲಿ 100, 20, 5 ಎಂದು ಮೂರು ಅಳತೆಯ ಪಟ್ಟಿ ಕತ್ತರಿಸಿ, ಬಲ ಅಂಚು ಸರಿಹೊಂದುವಂತೆ ಒಂದರ ಮೇಲೊಂದು ಇಡಿಸಿದರು. ಸೊನ್ನೆಗಳು ಅಡಿಯಲ್ಲಿ ಮುಚ್ಚಿಹೋಗಿ 125 ಉಳಿಯಿತು. ಒಬ್ಬ ಹುಡುಗಿ ಮೇಲಿನ ಪಟ್ಟಿಗಳನ್ನು ಎತ್ತಿ ಎತ್ತಿ ನೋಡಿ, "ಸೊನ್ನೆ ಒಳಗೇ ಐತೆ ಸಾ" ಎಂದಳು.

ವ್ಯವಕಲನಕ್ಕೆ ಹತ್ತು ಹತ್ತು ಕಡ್ಡಿಗಳ ಕಟ್ಟು ಬಳಸುತ್ತಾರೆ. 42ರಲ್ಲಿ 17 ಕಳೆಯಬೇಕು. ನಾಲ್ಕು ಕಟ್ಟು, ಎರಡು ಬಿಡಿ. ಎರಡರಲ್ಲಿ ಏಳು ತೆಗೆಯಲಾಗದು, ಒಂದು ಕಟ್ಟು ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಹನ್ನೆರಡರಲ್ಲಿ ಏಳು ಹೋದರೆ ಐದು, ಮೂರು ಕಟ್ಟಿನಲ್ಲಿ ಒಂದು ಹೋದರೆ ಎರಡು. ಉತ್ತರ 25. ಕಡ್ಡಿ ಕೈಯಲ್ಲಿದ್ದಾಗ ಆ ದಿನ ಬಂದಿದ್ದ ಆರೂ ಮಕ್ಕಳು 25 ಎಂದರು. ಕಡ್ಡಿ ತೆಗೆದಿಟ್ಟು ಸ್ಲೇಟಿನಲ್ಲಿ ಬರೆಯಲು ಹೇಳಿದಾಗ ಅವರಲ್ಲೇ ಮೂವರು 35 ಎಂದು ಬರೆದರು. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಒಂಬತ್ತನೇ ತರಗತಿಯ 243 ಇಲ್ಲಿ ಏಳು ವರ್ಷದ ಮಗುವಿನ ಸ್ಲೇಟಿನ ಮೇಲಿತ್ತು.

ನಾನು ಬಾಲ್ಯದಲ್ಲಿ ಕಲಿತ ರೀತಿಯಲ್ಲೇ, "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಎಂದು ವಿವರಿಸಿದೆ. ಒಬ್ಬ ಹುಡುಗ ಗಂಭೀರವಾಗಿ ಕೇಳಿದ, "ಸಾಲ ತಗೊಂಡ್ರೆ ವಾಪಸ್ ಕೊಡ್ಬೇಕಲ್ವಾ ಸಾ? ಯಾವಾಗ ಕೊಡೋದು?" ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕದಲ್ಲಿ ನಡೆಯುವುದು ಸಾಲವೇ ಅಲ್ಲ, ಇದ್ದದ್ದನ್ನೇ ಬಿಡಿಸಿಕೊಳ್ಳುವುದು. ಶಿಕ್ಷಕಿ ಯಾವಾಗಲೂ 'ಕಟ್ಟು ಬಿಚ್ಚೋದು' ಎಂದೇ ಹೇಳುತ್ತಿದ್ದುದರ ಕಾರಣ ಆಗ ತಿಳಿಯಿತು. ಆಮೇಲೆ ಸ್ಲೇಟಿನ ಲೆಕ್ಕದ ಪಕ್ಕದಲ್ಲಿ ಕಟ್ಟುಗಳ ಚಿತ್ರ ಬರೆಸಿ, ಬಿಚ್ಚಿದ ಕಟ್ಟಿನ ಮೇಲೆ ಗೆರೆ ಹಾಕಿಸಿದೆವು. ಕಡ್ಡಿಯಿಂದ ಅಂಕಿಗೆ ನೇರವಾಗಿ ಹಾರುವ ಬದಲು ನಡುವೆ ಚಿತ್ರದ ಮೆಟ್ಟಿಲು ಸಿಕ್ಕಿತು. ಎರಡು ವಾರದಲ್ಲಿ ಆ ಮೂವರಲ್ಲಿ ಇಬ್ಬರ ತಪ್ಪು ನಿಂತಿತು.

ಅಳತೆಯ ಪಾಠದಲ್ಲಿ ಮಕ್ಕಳು ಕಪ್ಪುಹಲಗೆಯನ್ನು ಗೇಣಿನಿಂದ ಅಳೆದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂತು. ನನ್ನ ಗೇಣಿನ ಲೆಕ್ಕ ಎಲ್ಲರಿಗಿಂತ ಕಡಿಮೆ ಬಂದಾಗ, "ದೊಡ್ಡ ಕೈಗೆ ಕಮ್ಮಿ ಗೇಣು" ಎಂದು ಅವರೇ ಕಂಡುಕೊಂಡರು. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು. ಪ್ರೌಢಶಾಲೆಯಲ್ಲಿ ಏಕಮಾನಗಳ ಪಾಠ ಮಾಡುವಾಗ ನಾನು ಎಂದೂ ಇಷ್ಟು ಚೆನ್ನಾಗಿ ಪೀಠಿಕೆ ಹಾಕಿರಲಿಲ್ಲ.

ಪರಿಸರ ಅಧ್ಯಯನ

ದಿನದ ಮೊದಲ ಕೆಲಸ ಹವಾಮಾನ ನಕ್ಷೆ. ಬಿಸಿಲು, ಮೋಡ, ಮಳೆ, ಗಾಳಿ ಇವುಗಳಲ್ಲಿ ಅಂದಿನದನ್ನು ಮಕ್ಕಳೇ ಗುರುತಿಸುತ್ತಾರೆ. ಫೆಬ್ರವರಿಯಲ್ಲಿ ಹಳೆಯ ಹಾಳೆಗಳನ್ನೆಲ್ಲ ನೆಲದ ಮೇಲೆ ಹಾಸಿ ಯಾವ ತಿಂಗಳಲ್ಲಿ ಮಳೆಯ ಗುರುತು ಹೆಚ್ಚಿದೆ ಎಂದು ಎಣಿಸಿದರು. ರಾಗಿ ಬಿತ್ತಿದ್ದು ಯಾವಾಗ, ಕೊಯ್ದದ್ದು ಯಾವಾಗ ಎಂಬುದನ್ನು ಮನೆಯಲ್ಲಿ ಕೇಳಿ ಬಂದು ಅದೇ ಹಾಳೆಗಳ ಮೇಲೆ ಚಿತ್ರ ಬರೆದರು. ಪರಿಸರ, ಗಣಿತ, ಚಿತ್ರಕಲೆ ಒಂದೇ ಹಾಳೆಯಲ್ಲಿ ಸೇರಿದವು.

ನವೆಂಬರ್‌ನ ಸಸ್ಯಗಳ ಪಾಠದಲ್ಲಿ ಎಲೆ ಸಂಗ್ರಹಕ್ಕೆ ಹೊರಗೆ ಹೋದಾಗ ಪುಟ್ಟ ಬೇರೆ ಹುಡುಗನಾದ. ಅವನ ಅಜ್ಜನಿಗೆ ಕುರಿ ಹಿಂಡಿದೆ. ಜಾಲಿಕಾಯಿ ಕುರಿಗೆ ಇಷ್ಟ, ಅರಳಿ ಸೊಪ್ಪು ತಿನ್ನುತ್ತವೆ, ಎಕ್ಕಕ್ಕೆ ಬಾಯಿ ಹಾಕುವುದಿಲ್ಲ, ಲಂಟಾನ ತಿಂದರೆ ಕಾಯಿಲೆ ಬೀಳುತ್ತವೆ ಎಂದು ಒಂದೊಂದೇ ಎಲೆ ಹಿಡಿದು ಹೇಳಿದ. ಮೂರನೇ ತರಗತಿಯವರು ಅವನು ಹೇಳಿದ್ದನ್ನು 'ತಿನ್ನುತ್ತವೆ', 'ತಿನ್ನುವುದಿಲ್ಲ' ಎಂದು ಎರಡು ಕಾಲಂ ಮಾಡಿ ಬರೆದುಕೊಂಡರು. ವರ್ಗೀಕರಣ ಎಂಬ ಕಲಿಕಾ ಫಲವನ್ನು ನಾನು ಪಾಠಯೋಜನೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಕಲಿಸಿದವನು ಅವನು.

ಇಂಗ್ಲಿಷ್, ಆಟ, ಕಲೆ

ಇಂಗ್ಲಿಷ್‌ನಲ್ಲಿ ವರ್ಷದ ಬಹುಭಾಗ ಕೇಳುವುದಕ್ಕೂ ಮಾತಿಗೂ ಮೀಸಲು. ನಿಲ್ಲು, ಕೂರು, ಬಾಗಿಲು ತೋರಿಸು ಎಂಬಂಥ ಸೂಚನೆಗಳನ್ನು ಕೇಳಿ ಮಾಡುವುದು, ಹಾಡು, ವಸ್ತುಗಳ ಹೆಸರು. ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಲು ಹೋದ ನನಗೆ ಶಿಕ್ಷಕಿ ತಡೆ ಹಾಕಿದರು. ಫೆಬ್ರವರಿಯಲ್ಲಿ ನನ್ನ ಸೂಚನೆಯನ್ನು ಮಕ್ಕಳು ಕನ್ನಡದ ನೆರವಿಲ್ಲದೆ ಪಾಲಿಸುತ್ತಿದ್ದರು, ಅಂಥದೇ ಸೂಚನೆಯನ್ನು ನನಗೂ ಕೊಟ್ಟು ಕುಣಿಸುತ್ತಿದ್ದರು.

ಚೌಕಾಬಾರ ಆಟಕ್ಕೆ ಕವಡೆ ಇರಲಿಲ್ಲ. ಹುಣಸೆ ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿಕೊಂಡರು. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಕಾಯಿ ನಡೆಸುವಾಗ ಒಂದೊಂದು ಮನೆ ಎಣಿಸುತ್ತಿದ್ದವರು ವರ್ಷದ ಕೊನೆಗೆ "ಇಲ್ಲಿಂದ ಎಂಟು ಅಂದ್ರೆ ಅಲ್ಲಿ" ಎಂದು ನೇರವಾಗಿ ಇಡುತ್ತಿದ್ದರು. ಸೋತಾಗ ಅಳದೆ ಮತ್ತೆ ಬೀಜ ಹಾಕುವುದನ್ನೂ ಅಲ್ಲೇ ಕಲಿತರು. ಇದಕ್ಕೆ ಯಾವ ಮೆಟ್ಟಿಲಿನಲ್ಲೂ ಗುರುತು ಹಾಕುವ ಜಾಗವಿಲ್ಲ.

ನಾನು ಮಾಡಿದ ತಪ್ಪು

ನವೆಂಬರ್‌ನ ಎರಡನೇ ವಾರ ಶಿಕ್ಷಕಿ ನನಗೆ ಒಂದು ಗುಂಪಿನ ಪ್ರಗತಿ ನೋಟ ತುಂಬುವ ಜವಾಬ್ದಾರಿ ಕೊಟ್ಟರು. ಪುಟ್ಟ ಗುಣಿತದ ಒಂದು ಓದುವ ಕಾರ್ಡ್ ತಂದು ನನ್ನ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಓದಿದ. ನನಗೆ ಬಹಳ ಸಂತೋಷವಾಯಿತು. ಮುಂದಿನ ಎರಡು ಕಾರ್ಡುಗಳನ್ನೂ ಹಾಗೆಯೇ ಓದಿದ. ಒಂದೇ ದಿನ ಮೂರು ಮೆಟ್ಟಿಲಿಗೆ ಗುರುತು ಹಾಕಿದೆ. ನನ್ನ ಬೋಧನೆಯಿಂದಲೇ ಈ ಪ್ರಗತಿ ಎಂದು ದಿನಚರಿಯಲ್ಲೂ ಬರೆದುಕೊಂಡೆ.

ಮರುದಿನ ಶಿಕ್ಷಕಿ ಅದೇ ಕಾರ್ಡಿನ ಆರು ಪದಗಳನ್ನು ಕ್ರಮ ತಪ್ಪಿಸಿ ಗೋಡೆಯ ಕೆಳಹಲಗೆಯ ಮೇಲೆ ಬರೆದು ಪುಟ್ಟನನ್ನು ಕರೆದರು. ಅವನು ಹಲಗೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ಒಂದು ಪದವೂ ಬರಲಿಲ್ಲ. ಗೆಳೆಯರ ಗುಂಪಿನಲ್ಲಿ ಬೇರೆಯವರು ಓದುವುದನ್ನು ಕೇಳಿ ಕೇಳಿ, ಚಿತ್ರಗಳ ಗುರುತು ಹಿಡಿದು, ಮೂರೂ ಕಾರ್ಡು ಅವನಿಗೆ ಬಾಯಿಪಾಠವಾಗಿತ್ತು.

ಅವನನ್ನು ಆಟಕ್ಕೆ ಕಳುಹಿಸಿದ ಮೇಲೆ ಶಿಕ್ಷಕಿ ಹೇಳಿದರು: "ಅವನು ಮೋಸ ಮಾಡಿಲ್ಲ ಸರ್. ಓದೋದು ಅಂದ್ರೆ ಇದೇ ಅಂದ್ಕೊಂಡಿದಾನೆ. ಆದ್ರೆ ಇಲ್ಲಿ ನೀವು ಹಾಕೋ ಒಂದು ಗುರುತಿನ ಮೇಲೆ ಅವನು ನಾಳೆ ಯಾವ ಕಾರ್ಡ್ ಎತ್ಕೋತಾನೆ ಅನ್ನೋದು ನಿಂತಿರುತ್ತೆ. ಮೇಲಿನ ಮೆಟ್ಟಿಲಿಗೆ ಹತ್ತಿಸಿಬಿಟ್ರೆ ಕೆಳಗಿನದು ಮತ್ತೆ ಯಾರೂ ಕಲಿಸಲ್ಲ."

ಮೂರು ಗುರುತುಗಳ ಪಕ್ಕದಲ್ಲಿ 'ಮರುಕಲಿಕೆ' ಎಂದು ಬರೆದು ನನ್ನ ಕೈಯಿಂದಲೇ ಸಹಿ ಹಾಕಿಸಿದರು. ಆ ಸಹಿ ಹಾಕುವಾಗ ಒಂಬತ್ತನೇ ತರಗತಿಯ ಆ ಮೂವರ ನೆನಪಾಯಿತು. ಅವರ ಸ್ಲೇಟಿನ ಮೇಲೂ ಯಾರೋ ನನ್ನಂತೆಯೇ ಸಂತೋಷದಿಂದ, ಅವಸರದಿಂದ ಸರಿ ಗುರುತು ಹಾಕಿರಬಹುದು.

ಉಳಿದ ದಿನಗಳಲ್ಲಿ ಪುಟ್ಟನ ಜೊತೆ ಊಟದ ನಂತರ ಹದಿನೈದು ನಿಮಿಷ ಕುಳಿತೆ. ಕಾರ್ಡಿನ ಪದಗಳನ್ನು ಬಿಟ್ಟು ಅವನ ಪದಗಳನ್ನೇ ಚೀಟಿಗಳಲ್ಲಿ ಬರೆದೆ. ಕುರಿ, ಮರಿ, ಟಗರು, ಕೋಲು, ಜಾಲಿ, ಅರಳಿ. ಚಿತ್ರ ಬರೆಯಲಿಲ್ಲ, ಪ್ರತಿದಿನ ಕ್ರಮ ಬದಲಿಸಿದೆ. 'ಕುರಿ'ಯ ರಿ ಮತ್ತು 'ಮರಿ'ಯ ರಿ ಒಂದೇ ಎಂದು ಅವನು ತಾನಾಗಿ ತೋರಿಸಿದ ದಿನ ಗುಣಿತದ ಗುಟ್ಟು ಅವನಿಗೆ ಸಿಕ್ಕಿತು. ನಾನು ಹೊರಡುವಾಗ ಆ ಮೂರು ಮೆಟ್ಟಿಲುಗಳಲ್ಲಿ ಒಂದನ್ನು ನಿಜವಾಗಿ ಏರಿದ್ದ.

ಫೆಬ್ರವರಿಯಲ್ಲಿ

ನಾನು ಮರಳಿ ಹೋದಾಗ ಪುಟ್ಟ ಶಾಲೆಯಲ್ಲಿರಲಿಲ್ಲ. ರಾಗಿ ಕಟಾವಾದ ಮೇಲೆ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಅವನ ಮನೆಯವರು ಹಿಂಡಿನೊಂದಿಗೆ ಊರಿಂದೂರಿಗೆ ಹೋಗಿದ್ದರು, ಅವನೂ ಹೋಗಿದ್ದ. ಶಿಕ್ಷಕಿ ಎರಡು ಬಾರಿ ಮನೆಗೆ ಹೋಗಿ ಅಜ್ಜಿಯೊಂದಿಗೆ ಮಾತಾಡಿ ಬಂದಿದ್ದರು. ಒಂದು ತಿಂಗಳ ಗೈರಿನ ನಂತರ, ನಾನಿದ್ದ ಎರಡನೇ ವಾರದಲ್ಲಿ ಅಜ್ಜಿಯೇ ಅವನನ್ನು ಕೈಹಿಡಿದು ಕರೆತಂದರು. "ಇವನು ಇಲ್ಲೇ ಇರ್ತಾನೆ ಬಿಡವ್ವ, ನಾನ್ ನೋಡ್ಕೊಳ್ತೀನಿ" ಎಂದು ಶಿಕ್ಷಕಿಗೆ ಹೇಳಿ ಹೋದರು.

ಪುಟ್ಟ ಒಳಗೆ ಬಂದವನೇ ಏಣಿಯ ಮುಂದೆ ನಿಂತು ತನ್ನ ಮೆಟ್ಟಿಲು ಹುಡುಕಿದ. ಅದು ಅವನಿಗೆ ನಿಜವಾಗಿ ಬರುವ ಮೆಟ್ಟಿಲಿನ ಮುಂದಿನದಾಗಿತ್ತು. ಕಾರ್ಡ್ ಎತ್ತಿಕೊಂಡು ಹೋಗಿ ಕುಳಿತ. ನವೆಂಬರ್‌ನ ನನ್ನ ಗುರುತುಗಳು ಹಾಗೆಯೇ ಉಳಿದಿದ್ದರೆ, ತಿಂಗಳ ನಂತರ ಬಂದ ಮಗು ತನಗೆ ಓದಲಾಗದ ಕಾರ್ಡಿನ ಮುಂದೆ ಕೂರಬೇಕಾಗುತ್ತಿತ್ತು. ಆಮೇಲೆ ಅವನು ಶಾಲೆಗೆ ಬರುತ್ತಿದ್ದನೇ ಎಂಬುದು ನನಗೆ ಅನುಮಾನ.

ಆ ತಿಂಗಳು ಅವನು ಏನೂ ಕಲಿಯಲಿಲ್ಲ ಎನ್ನುವಂತೆಯೂ ಇಲ್ಲ. ಕಡ್ಡಿಗಳ ರಾಶಿ ಕೊಟ್ಟು ಎಷ್ಟಿವೆ ಎಂದಾಗ ಎರಡೆರಡನ್ನೇ ಸರಸರನೆ ಸರಿಸಿ "ಹದಿನೆಂಟು ಜೊತೆ, ಒಂದು ಒಂಟಿ" ಎಂದ. ಸಂಜೆ ರೊಪ್ಪಕ್ಕೆ ಕುರಿ ಬಿಡುವಾಗ ಅಜ್ಜ ಜೊತೆ ಲೆಕ್ಕದಲ್ಲಿ ಎಣಿಸುತ್ತಾರಂತೆ. ಅವೇ ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿಸಿದೆ. ಮೂರು ಕಟ್ಟು, ಏಳು ಬಿಡಿ. "ಎರಡೂ ಒಂದೇನಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಕಡ್ಡಿ ಅವೇ ಅಲ್ವಾ ಸಾ, ಕಟ್ಟಿದ್ದು ಬೇರೆ" ಎಂದ. ಸ್ಥಾನಬೆಲೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಟಿಪ್ಪಣಿಯಲ್ಲಿಲ್ಲ.

ಒತ್ತಕ್ಷರವನ್ನು ಅಜ್ಜ, ಎಕ್ಕ, ರೊಪ್ಪ, ಹುಲ್ಲು, ಉಣ್ಣೆ ಎಂಬ ಪದಗಳಿಂದ ಆರಂಭಿಸಿದೆವು. ಕೊನೆಯ ದಿನ 'ಪುಸ್ತಕ', 'ರಸ್ತೆ' ಎರಡನ್ನೂ ಸರಿಯಾಗಿ ಓದಿದ. 'ಸೂರ್ಯ' ಮಾತ್ರ 'ಸೂಯ್ರ' ಆಯಿತು. ಆ ಮೆಟ್ಟಿಲಿಗೆ ಗುರುತು ಹಾಕದೆ ಪ್ರಗತಿ ನೋಟವನ್ನು ಶಿಕ್ಷಕಿಗೆ ಹಿಂದಿರುಗಿಸಿದೆ.

ಕಂಡುಕೊಂಡ ಅಂಶಗಳು

1. ಮಕ್ಕಳ ತಪ್ಪಿನ ಹಿಂದೆ ಹೆಚ್ಚಿನ ಸಲ ಒಂದು ನಿಯಮವಿರುತ್ತದೆ. 35, 10025, ಸೂಯ್ರ, ಊವು ಇವುಗಳಲ್ಲಿ ಯಾವುದೂ ಅಜಾಗರೂಕತೆಯಿಂದ ಬಂದದ್ದಲ್ಲ. "ಹೇಗೆ ಮಾಡಿದೆ, ಹೇಳು" ಎಂದು ಕೇಳಿದರೆ ಆ ನಿಯಮ ಹೊರಬರುತ್ತದೆ.

2. ಕೈಯಲ್ಲಿ ವಸ್ತು ಇದ್ದಾಗ ಬಂದದ್ದು ಅಂಕಿಗೆ ತಾನಾಗಿ ದಾಟುವುದಿಲ್ಲ. ನಡುವೆ ಚಿತ್ರದ ಹಂತ ಬೇಕು.

3. ಓದಿನ ಪರೀಕ್ಷೆಯನ್ನು ಕಂಡ ಪಠ್ಯದಿಂದ ಮಾತ್ರ ಮಾಡಬಾರದು. ಕ್ರಮ ಬದಲಿಸಿ, ಚಿತ್ರ ಮುಚ್ಚಿ, ಹೊಸ ಪದ ಸೇರಿಸಿ ನೋಡಬೇಕು.

4. ಒಂದು ವಿಷಯದಲ್ಲಿ ಮಗುವಿಗೆ ತಿಳಿದದ್ದನ್ನು ಇನ್ನೊಂದು ವಿಷಯಕ್ಕೆ ಒಯ್ಯಬಹುದು. ಪರಿಸರ ಪಾಠದಲ್ಲಿ ಪುಟ್ಟ ಹೇಳಿದ ಗಿಡಗಳ ಹೆಸರೇ ಅವನ ಓದಿನ ಪಾಠವಾಯಿತು.

5. ಮೌಲ್ಯಮಾಪನದ ಗುರುತು ಶಿಕ್ಷಕರ ಶ್ರಮದ ದಾಖಲೆ ಎಂದು ನಾನು ತಿಳಿದಿದ್ದೆ. ಅದು ಮಗುವಿನ ಮುಂದಿನ ಹೆಜ್ಜೆಯ ನಿರ್ಧಾರ.

ಮುಕ್ತಾಯ

ಏಳು ಮಕ್ಕಳನ್ನು ಒಂದೇ ಶಾಲೆಯಲ್ಲಿ ನೋಡಿ ಬರೆದದ್ದು ಇದು. ಎಲ್ಲ ಎರಡನೇ ತರಗತಿಗಳಿಗೂ ಇದನ್ನು ಅನ್ವಯಿಸಲು ಬರುವುದಿಲ್ಲ. ನನ್ನ ಬೋಧನೆಗೆ ಮಾತ್ರ ಇದು ಕೂಡಲೇ ಅನ್ವಯವಾಯಿತು.

ಮಾರ್ಚ್ ಮೊದಲ ವಾರ ಪ್ರೌಢಶಾಲೆಗೆ ಪರಿಹಾರ ಬೋಧನೆಗೆ ಹೋದೆ. ಈ ವರ್ಷದ ಒಂಬತ್ತನೇ ತರಗತಿಯವರಿಗೆ ಅದೇ 302 – 145 ಕೊಟ್ಟೆ. ಇಬ್ಬರು 243 ಎಂದರು. ಚೀಲದಲ್ಲಿ ಕಡ್ಡಿಗಳಿದ್ದವು. ಹತ್ತು ಹತ್ತರ ಹತ್ತು ಕಟ್ಟುಗಳನ್ನು ಸೇರಿಸಿ ನೂರರ ದೊಡ್ಡ ಕಟ್ಟು ಮಾಡಿಕೊಂಡು ಹೋಗಿದ್ದೆ. ದೊಡ್ಡ ಹುಡುಗರು ಮೊದಲು ನಕ್ಕರು. ನಡುವೆ ಸೊನ್ನೆ ಇರುವಾಗ ಬಿಡಿ ಎಲ್ಲಿಂದ ತರುತ್ತೀರಿ ಎಂದು ಕೇಳಿದಾಗ ನಗು ನಿಂತಿತು. ಒಬ್ಬ ಮುಂದೆ ಬಂದು ನೂರರ ಕಟ್ಟನ್ನು ಬಿಚ್ಚಿ ಹತ್ತು ಕಟ್ಟು ಮಾಡಿದ. ಅದರಲ್ಲೊಂದನ್ನು ಬಿಚ್ಚಿ ಹನ್ನೆರಡು ಬಿಡಿ ಮಾಡಿಕೊಂಡ. ಎರಡು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಮೇಜಿನ ಮೇಲಿದ್ದವು. ಅದರಿಂದ 145 ತೆಗೆದು ಉಳಿದದ್ದನ್ನು ಎಣಿಸಿ, "157 ಸರ್" ಎಂದ.

"ಸರಿ" ಎಂದು ಹೇಳಲು ಬಾಯಿಗೆ ಬಂದಿತ್ತು. ತಡೆದುಕೊಂಡು, ಕಡ್ಡಿಗಳನ್ನು ಚೀಲಕ್ಕೆ ಹಾಕಿ, ಹಲಗೆಯ ಮೇಲೆ 403 – 158 ಎಂದು ಬರೆದು ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ.